ಚಂದ್ರ ಕಂಡ ಮೇಲೆ ಮೊದಲ ನಮಸ್ಕಾರ

ಯುಗಾದಿಯ ಚಂದ್ರ ದಾವಣಗೆರೆಯ ಮೇಲೆ ಮೂಡುವ ಮೊದಲು ಹರಿಹರಕ್ಕೆ ಬಂದು ನನ್ನನ್ನು ಒಂದು ಮಾತು ಕೇಳಿಕೊಂಡು ಹೋಗುತ್ತಾನೆ. ‘ಬಕ್ಕೇಶಣ್ಣಾ, ಈ ಸಲ ಎಷ್ಟು ಹೊತ್ತಿಗೆ ಬರ್ಲಿ?’ ಅಂತ. ನಾನು ನನ್ನ ಶಾಮಿಯಾನದ ಅಂಗಡಿಯ ಗಲ್ಲಾದ ಹಿಂದೆ ಕೂತು, ‘ನಮ್ಮಕ್ಕನ ಮನೆ ಹೋಳಿಗೆ ಆಗ್ಲಿ, ತಡಿ’ ಎಂದರೆ ತಡೆಯುತ್ತಾನೆ. ನಂಬದವರು ಹರಿಹರದಲ್ಲಿ ಯಾರನ್ನು ಬೇಕಾದರೂ ಕೇಳಿ. ಅವರೂ ನಂಬುವುದಿಲ್ಲ, ಆದರೂ ಕೇಳಿ.

ನನ್ನ ಶಾಮಿಯಾನವೂ ಅಂಥಿಂಥದ್ದಲ್ಲ. ಪೂರ್ತಿ ಬಿಚ್ಚಿ ಹರವಿದರೆ ಈ ಕಡೆ ತುಂಗಭದ್ರೆಯ ಸೇತುವೆಯಿಂದ ಆ ಕಡೆ ಹದಡಿಯವರೆಗೆ ನೆರಳು ಬೀಳುತ್ತದೆ. ಮದುವೆಗೆ ಬಾಡಿಗೆ ಕೊಡುವ ಒಂದು ಕುರ್ಚಿ ಇದೆ ನನ್ನ ಹತ್ತಿರ. ಕೆಂಪು ಮಖಮಲ್ಲು, ಎರಡೂ ಕೈಗೆ ಬಂಗಾರದ ಬಣ್ಣದ ಸಿಂಹ. ಅದರ ಮೇಲೆ ಕೂತ ಮದುಮಕ್ಕಳ ಮುಖಕ್ಕೆ ರಾಜಕಳೆ ಬಂದು, ಮೂರು ತಿಂಗಳು ತೊಳೆದರೂ ಹೋಗುವುದಿಲ್ಲ.

ನಾನು ಹೇಳಹೊರಟಿರುವುದು ನಮ್ಮಕ್ಕ ಶಕುಂತಲಮ್ಮನ ಮನೆಯಲ್ಲಿ ಈ ವರ್ಷ ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆದ ಮಹಾಯುದ್ಧದ ಕತೆ. ದಾವಣಗೆರೆಯ ವಿದ್ಯಾನಗರದಲ್ಲಿ ಅವರ ಮನೆ. ಭಾವ ಹಾಲೇಶಪ್ಪನವರದು ಹಾರ್ಡ್‌ವೇರ್ ಅಂಗಡಿ. ಅವರು ಮಾರಿದ ಮೊಳೆಗಳನ್ನೆಲ್ಲ ಕಿತ್ತರೆ ಅರ್ಧ ದಾವಣಗೆರೆ ಕುಸಿದು ಕೂರುತ್ತದೆ. ಮಗಳು ಕೃತಿಕಾ ಕಾಲೇಜಿನಲ್ಲಿ ಓದುತ್ತಾಳೆ. ಅಪ್ಪನ ಅಂಗಡಿಯ ಗರಗಸಗಳಿಗಿಂತ ಅವಳ ನಾಲಿಗೆ ಚೂಪು. ಮಗ ಬಸವಕಿರಣ ಮಿಲಿಟರಿಯಲ್ಲಿದ್ದಾನೆ, ಈಗ ಅರುಣಾಚಲದ ಕಡೆ.

ಮಗ ಮಿಲಿಟರಿ ಸೇರಿದಂದಿನಿಂದ ಅಕ್ಕ ನಿವೃತ್ತ ಸೈನಿಕರನ್ನು ಕಂಡರೆ ಬಿಡುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ಕೂತವರನ್ನು ‘ನೀವು ಮಿಲಿಟ್ರಿಯೋರೇನ್ರಿ?’ ಎಂದು ಕೇಳುತ್ತಾಳೆ. ಹೌದು ಎಂದರೆ ಮುಗಿಯಿತು. ಮರುದಿನ ಮಜ್ಜಿಗೆ, ಅದರ ಮರುದಿನ ಚಿತ್ರಾನ್ನ. ಇಲ್ಲ ಎಂದವರಿಗೂ ಮಜ್ಜಿಗೆ ಸಿಗುತ್ತದೆ, ಚಿತ್ರಾನ್ನ ಸಿಗುವುದಿಲ್ಲ. ‘ಇಲ್ಲಿ ನಾವು ಅವರಿಗೆ ಮಾಡಿದ್ರೆ, ಅಲ್ಲಿ ಯಾರಾದ್ರೂ ನನ್ನ ಮಗನಿಗೆ ಮಾಡ್ತಾರೆ’ ಎಂಬುದು ಅವಳ ಲೆಕ್ಕಾಚಾರ.

ಇಷ್ಟರವರೆಗೆ ಭಾವನ ತಕರಾರಿರಲಿಲ್ಲ. ತಕರಾರು ಬಂದಿದ್ದು ಹಬ್ಬದಲ್ಲಿ. ನಮ್ಮ ಕಡೆ ಯುಗಾದಿಯ ಮಾರನೆಯ ಸಂಜೆ ಎಲ್ಲರೂ ಮಾಳಿಗೆ ಹತ್ತಿ ಚಂದ್ರನನ್ನು ನೋಡುತ್ತೇವೆ. ನೋಡಿದ ಮೇಲೆ ಹಿರಿಯರ ಕಾಲಿಗೆ ನಮಸ್ಕಾರ. ಭಾವನ ತಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮೊದಲ ನಮಸ್ಕಾರ ಭಾವನಿಗೇ ಬರಬೇಕು. ಮೂರು ವರ್ಷದ ಹಿಂದೆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ‘ಇನ್ನು ಮ್ಯಾಲೆ ಮೊದಲ್ನೇ ನಮಸ್ಕಾರ ದೇಶ ಕಾಯ್ದೋರಿಗೆ. ಆಮೇಲೆ ನಿಮಗೆ’ ಎಂದಳು.

‘ಹಂಗಾದ್ರೆ ಗುಂಡಿಗೆ ಎದುರು ನಿಂತೋನ್ನ ಕರ್ಕಂಬಾ, ಬೀಳ್ತೀನಿ,’ ಎಂದರು ಭಾವ. ‘ಪಿಂಚಣಿ ತಗಂಡು ಪಾರ್ಕಿನಾಗೆ ಕೂತೋರ ಕಾಲಿಗೆಲ್ಲ ನಾನು ಬೀಳಲ್ಲ.’

‘ಅಷ್ಟೇ ತಾನೆ ಭಾವ?’ ಎಂದೆ ನಾನು. ‘ನನಗೆ ಬಿಡ್ರಿ.’

ನಮ್ಮ ಓಣಿಯ ಜಮಾಲ್ ಸಾಬರನ್ನು ಕರೆತಂದೆ. ಮಿಲಿಟರಿಯಿಂದ ನಿವೃತ್ತರಾಗಿ ಹರಿಹರಕ್ಕೆ ಬಂದು, ಹೆಂಡತಿ ಅಮೀನಾಬೀಯವರ ಜೊತೆ ಇರುವವರು. ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆಯುತ್ತಾರೆ. ಈಚಿನ ವರ್ಷಗಳಲ್ಲಿ ಯುಗಾದಿಯ ಚಂದ್ರನೂ ರಂಜಾನ್ ಹಬ್ಬದ ಚಂದ್ರನೂ ಒಂದೇ ಸಂಜೆಗೆ ಬೀಳುತ್ತಿದ್ದಾರೆ. ಹಾಗಾಗಿ ಸಾಬರು ಅಕ್ಕನ ಮಾಳಿಗೆಯ ಮೇಲೆ ಖರ್ಜೂರ ತಿಂದು ಉಪವಾಸ ಬಿಡುತ್ತಿದ್ದರು, ನಮ್ಮ ಜೊತೆಯೇ ಚಂದ್ರನನ್ನು ನೋಡುತ್ತಿದ್ದರು, ನನ್ನ ಸಿಂಹದ ಕುರ್ಚಿಯ ತುದಿಯಲ್ಲಿ ಕೂತು ಕಾಲನ್ನು ಆದಷ್ಟೂ ಒಳಗೆ ಎಳೆದುಕೊಂಡು ನಮಸ್ಕಾರ ತೆಗೆದುಕೊಳ್ಳುತ್ತಿದ್ದರು. ಹೋಳಿಗೆ ಉಂಡು ಹರಿಹರದ ಬಸ್ಸು ಹತ್ತುತ್ತಿದ್ದರು. ಅವರದು ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬುತ್ತಿದ್ದೆ.

ಹೇಗೆ ತುಂಬುತ್ತಿದ್ದೆ ಅಂತೀರಿ! ಹಿಮದ ಬೆಟ್ಟದ ತುದಿ. ಉಗುಳಿದರೆ ಉಗುಳು ಕಲ್ಲಾಗಿ ಬೀಳುವ ಚಳಿ. ಎದುರಿಗೆ ಇನ್ನೂರು ಜನ ವೈರಿಗಳು, ಈ ಕಡೆ ಜಮಾಲ್ ಸಾಬ್ ಒಬ್ಬರೇ, ಬಂದೂಕಿನಲ್ಲಿ ಗುಂಡು ಮುಗಿದಿದೆ. ಖಾಲಿ ಬಂದೂಕು ತೋರಿಸಿ ಬೆಳಗಿನವರೆಗೆ ಅವರನ್ನು ಹೆದರಿಸಿ ನಿಲ್ಲಿಸಿದರು. ಎರಡನೆಯ ವರ್ಷ ವೈರಿಗಳು ನಾನೂರಾದರು. ಅದೇ ವರ್ಷ ಕತೆಯಲ್ಲಿ ಒಬ್ಬ ಹುಡುಗನೂ ಬಂದ. ನಮ್ಮ ಬಸವಕಿರಣನ ವಯಸ್ಸಿನವನೇ, ಗುಂಡು ತಾಗಿ ಸಾಬರ ತೊಡೆಯ ಮೇಲೆ ತಲೆಯಿಟ್ಟು, ‘ಅವ್ವನ ಕೈಯಿಂದ ಒಂದು ತುತ್ತು ಉಣ್ಣಬೇಕಿತ್ತು’ ಎಂದು ಪ್ರಾಣ ಬಿಟ್ಟ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರನೆಯ ವರ್ಷ, ಅಂದರೆ ಹೋದ ಯುಗಾದಿಗೆ, ಯಾರಿಗೂ ಹೇಳದೆ ಆ ಹುಡುಗನ ಹೆಸರಲ್ಲಿ ಒಂದು ಬಾಳೆಲೆ ಹಾಕಿ, ಹೋಳಿಗೆ ಇಟ್ಟು, ಮೇಲೆ ತುಪ್ಪ ಬಿಟ್ಟು ಕೈ ಮುಗಿದಳು.

ಈ ವರ್ಷ ಶಿವರಾತ್ರಿ ಕಳೆದು ರಂಜಾನಿನ ರೋಜಾ ಶುರುವಾದ ವಾರ ಅಕ್ಕನ ಮನೆಗೆ ಹೋದೆ. ಭಾನುವಾರದ ಊಟ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎರಡನೆಯ ರೊಟ್ಟಿ ಮುರಿಯುತ್ತಾ, ‘ಅಕ್ಕ, ಸಾಬ್ರು ಈ ಸಲ ಬರಲ್ವಂತೆ’ ಎಂದೆ.

ಅಕ್ಕನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ‘ಯಾಕಂತೆ?’

‘ಬರಲ್ಲ ಅಂದ್ರಪ್ಪ.’

ಅಕ್ಕ ನಿಧಾನವಾಗಿ ಭಾವನ ಕಡೆ ತಿರುಗಿದಳು.

‘ನನ್ನ ಯಾಕೆ ನೋಡ್ತೀಯ?’ ಎಂದರು ಭಾವ.

‘ಹೋದ ವರ್ಷ ಅವರ ಮುಂದೆ ಏನಂದ್ರಿ?’

‘ಏನಂದೆ? ಏನೂ ಅಂದಿಲ್ಲ.’

‘ಅಂದಿದ್ರಿ ಅಪ್ಪಾಜಿ,’ ಎಂದಳು ಕೃತಿಕಾ, ಮೊಬೈಲಿನಿಂದ ತಲೆ ಎತ್ತದೆ. ‘“ಈ ಮನೇಲಿ ಹಿರಿಯ ಅನ್ನಿಸ್ಕಬೇಕಂದ್ರೆ ನಾನೂ ಕುಂಟ್ಕಂಡು ಓಡಾಡಬೇಕು” ಅಂದ್ರಿ. ಸಾಬ್ರು ಅಲ್ಲೇ ಕೈ ತೊಳ್ಕಂತಿದ್ರು.’

‘ತಮಾಷಿಗಂದೆ ಕಣೇ!’

‘ಮನೆಗೆ ಕರೆದು ಉಣ್ಣಾಕಿಟ್ಟು ಕಾಲಿನ ಮಾತು ಆಡ್ತೀರಿ, ತಮಾಷಿನಾ?’ ಅಕ್ಕನ ದನಿ ಏರಿತು. ‘ನನ್ನ ಮಗ ಅಲ್ಲಿ ಯಾರ ಮನೆ ಬಾಗಿಲಾಗೆ ನಿಂತಾನೋ, ಯಾರು ಏನು ಅಂತಾರೋ! ಹೋಗಿ ತಪ್ಪಾತು ಅಂತ ಹೇಳಿ ಬರ್ರಿ.’

‘ನಾನು ಹೋಗಲ್ಲ. ನನ್ನ ಮನೇಲಿ ನನ್ನ ನಮಸ್ಕಾರಾನೂ ಬಿಟ್ಟುಕೊಟ್ಟು, ಮ್ಯಾಲೆ ಕ್ಷಮೆ ಬೇರೆ ಕೇಳಬೇಕಾ?’

‘ಹಂಗಾದ್ರೆ ಈ ಯುಗಾದಿಗೆ ಈ ಮನೇಲಿ ಹೂರಣ ರುಬ್ಬಲ್ಲ.’

ಸಾಬರು ನನಗೆ ನಿಜವಾದ ಕಾರಣ ಹೇಳಿದ್ದರು. ಅದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಷ್ಟರಲ್ಲಿ ಅಪರಾಧ ಭಾವನ ಹೆಸರಿಗೆ ನೋಂದಣಿಯಾಗಿಬಿಟ್ಟಿತ್ತು. ಆಗಿಹೋದ ನೋಂದಣಿಯನ್ನು ಕೆಡಿಸುವುದು ಸಭ್ಯಸ್ಥರಿಗೆ ತಕ್ಕದ್ದಲ್ಲ. ಎಣ್ಣೆಗಾಯಿಯ ತುತ್ತೊಂದನ್ನು ಇಟ್ಟು ಬಾಯಿ ಮುಚ್ಚಿಕೊಂಡೆ.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನೋಡಿದ್ದರೆ ಗಡಿಯಲ್ಲಿದ್ದ ಎರಡೂ ಕಡೆಯ ಸೈನ್ಯಗಳು ನಾಚಿ ಮನೆಗೆ ಹೋಗುತ್ತಿದ್ದವು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಅದೇ ಅನ್ನ ಅದೇ ಸಾರು. ಹಪ್ಪಳವಿಲ್ಲ, ಪಲ್ಯವಿಲ್ಲ. ಅಂಗಡಿಗೆ ಹೋಗುವ ಭಾವನ ಡಬ್ಬಿಯಲ್ಲಿ ದಿನಾ ಮೊಸರನ್ನ. ಸಿಟ್ಟಿಗೆ ಭಾವ ಬೆಣ್ಣೆ ದೋಸೆಯ ಹೋಟೆಲ್ ಹಿಡಿದರು. ಮೂರನೆಯ ದಿನಕ್ಕೆ ಹೊಟ್ಟೆ ಹಿಡಿದುಕೊಂಡು ಮತ್ತೆ ಮೊಸರನ್ನಕ್ಕೆ ಬಂದರು. ಗಂಡಹೆಂಡತಿಯ ನಡುವೆ ಮಾತಿಲ್ಲ. ಇದ್ದಬದ್ದದ್ದೆಲ್ಲ ಕೃತಿಕಾಳ ಮೂಲಕ.

‘ನಿಮ್ಮಪ್ಪಗೆ ಹೇಳು, ಗ್ಯಾಸ್ ಮುಗಿದೈತೆ ಅಂತ.’

‘ಅಪ್ಪಾಜಿ ಇಲ್ಲೇ ನಿಂತಾರಲ್ಲಮ್ಮ.’

‘ನಿಂತೋರಿಗೇ ಹೇಳು.’

‘ನಿಮ್ಮಮ್ಮಗೆ ಹೇಳು, ಬುಕ್ ಮಾಡೀನಿ ಅಂತ.’

‘ನಾನು ಪರೀಕ್ಷೆಗೆ ಓದ್ಲಾ, ಇಲ್ಲ ನಿಮ್ಮಿಬ್ಬರ ಪೋಸ್ಟ್‌ಮ್ಯಾನ್ ಆಗ್ಲಾ? ಹಬ್ಬ ಮಾಡ್ರಿ, ಬಿಡ್ರಿ, ಏನಾದ್ರೂ ಮಾಡ್ರಿ, ಬಾಯಿ ಬಿಟ್ಟು ಮಾಡ್ರಿ!’

ಯುಗಾದಿಗೆ ಮುಂಚೆ ಮನೆ ತೊಳೆಯಬೇಕು. ಪ್ರತಿ ವರ್ಷ ಅಕ್ಕ ಏಣಿ ಹಿಡಿದರೆ ಭಾವ ಅಟ್ಟ ಹತ್ತಿ ಹಿತ್ತಾಳೆ ಪಾತ್ರೆ ಇಳಿಸುತ್ತಿದ್ದರು. ಈ ಸಲ ಅಕ್ಕ ಏಣಿ ಹಿಡಿಯಲಿಲ್ಲ. ಭಾವ ಒಬ್ಬರೇ ಹತ್ತಿ ಇಳಿಯುವಾಗ ಹಂಡೆ ಬಿಟ್ಟರು. ಅದರ ಸದ್ದು ಮಾಯಕೊಂಡದವರೆಗೆ ಕೇಳಿ ಅಲ್ಲಿನ ಜನ ಗುಡುಗು ಅಂತ ಬಟ್ಟೆ ಎತ್ತಿಕೊಂಡರು.

ಈ ನಡುವೆ ಬಸವಕಿರಣನ ಫೋನ್ ಕೆಲವು ದಿನ ಬರಲಿಲ್ಲ. ನಾನು ಹೋದಾಗ ಅಕ್ಕ ಟಿವಿಯ ಸುದ್ದಿಯ ಮುಂದೆ ಕೂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ಕೃತಿಕಾ ನನ್ನನ್ನು ಅಡುಗೆಮನೆಗೆ ಎಳೆದು, ಒಲೆ ಒರೆಸುತ್ತಾ ಮಾತು ತೆಗೆದಳು.

‘ಮಾವ, ಸಾಬ್ರು ಬರದಿದ್ರೆ ಒಳ್ಳೇದೇ ಆತು.’

‘ಯಾಕವ್ವ?’

‘ನೀನು ಆ ಕತೆ ಹೇಳಿ ಬಸ್ ಹತ್ತಿ ಹೋಗ್ತೀಯ. ಆಮೇಲೆ ಅಮ್ಮ ಹೆಂಗಿರ್ತಾಳೆ ನಿನಗೇನು ಗೊತ್ತು? ಅಣ್ಣನ ಫೋನ್ ಒಂದಿನ ಬರ್ಲಿಲ್ಲ ಅಂದ್ರೆ ಊಟ ಸೇರಲ್ಲ. ಕೇಳಿದ್ರೆ, “ಆ ಹುಡುಗನ ತಾಯಿಗೂ ಹಿಂಗೇ ಫೋನ್ ಬಂದಿರ್ಲಿಕ್ಕಿಲ್ಲ” ಅಂತಾಳೆ.’

ನಾನು ಉಕ್ಕಿದ ಹಾಲಿನ ಪಾತ್ರೆ ತೆಗೆದುಕೊಂಡು ತೊಳೆಯಲು ನಿಂತೆ.

ಮಾರನೆಯ ದಿನವೇ ಸಾಬರ ಮನೆಗೆ ಹೋದೆ. ಅಮೀನಾಬೀಯವರು ಅಂಗಳದಲ್ಲಿ ಗೋಧಿ ಕೇರುತ್ತಿದ್ದರು.

‘ಮತ್ತೆ ಬಂದೇನಪ್ಪ? ಹಬ್ಬದ ಹಿಂದಿನ ಸಂಜೆ ನಮ್ಮನೇಲಿ ಗಂಡಸ್ರು ಬ್ಯಾಡ್ವಾ? ಸೇಮ್ಯಾ ಯಾರು ತರ್ತಾರೆ, ಮೊಮ್ಮಕ್ಕಳ ಬಟ್ಟೆ ಯಾರು ತರ್ತಾರೆ? ಇವ್ರು ಅಲ್ಲಿ ನಿನ್ನ ಸಿಂಹದ ಮ್ಯಾಲೆ ಕೂಡ್ತಾರೆ, ನಾನಿಲ್ಲಿ ಮಂಡಿ ನೋವಿನಾಗೆ ಬಜಾರ್ ಸುತ್ತತೀನಿ.’

ಜಮಾಲ್ ಸಾಬರು ಒಳಗಿನಿಂದ ಬಂದರು. ‘ಕಾರಣ ನಿನಗೆ ಹೇಳೀನಿ. ಅದನ್ನ ನಿಮ್ಮಕ್ಕಗೆ ಹೇಳಿದ್ಯಾ?’

‘ಹೇಳ್ತೀನಿ ಸಾಬ್ರೇ. ಹಬ್ಬ ಒಂದು ಮುಗೀಲಿ.’

‘ಹಬ್ಬಕ್ಕೆ ಮುಂಚೆ ಹೇಳು ಬಕ್ಕೇಶ. ನಿನ್ನ ಬಾಯಿಂದಾನೇ ಹೇಳು.’

ನೇರ ದಾವಣಗೆರೆಯ ಬಸ್ಸು ಹತ್ತಿದೆ, ಹೇಳಿಬಿಡಬೇಕೆಂದೇ ಹತ್ತಿದೆ. ಬಾಗಿಲು ತೆಗೆದ ಅಕ್ಕನ ಮುಖ ನೋಡಿದ ಕೂಡಲೇ ನನ್ನ ಬಾಯಿ ಅದರ ಪಾಡಿಗೆ ಕೆಲಸ ಮಾಡಿತು. ‘ಅಕ್ಕ, ಸಾಬ್ರಿಗೆ ಜ್ವರ. ಎಂಥಾ ಜ್ವರ ಅಂತೀಯ, ಹಣೆ ಮ್ಯಾಲೆ ರೊಟ್ಟಿ ಬೇಯಿಸಬಹುದು. ಅದಕ್ಕೇ ಬರಲ್ವಂತೆ.’

ಇದರಿಂದ ಎಲ್ಲರಿಗೂ ಒಳ್ಳೆಯದಾಗಬೇಕಿತ್ತು. ಭಾವನ ಮೇಲಿನ ಅಪವಾದ ಹೋಗುತ್ತದೆ, ನಾನೂ ಬಚಾವ್. ಆದರೆ ಅಕ್ಕ ಅಷ್ಟಕ್ಕೇ ಬಿಡುವವಳೇ? ರವೆ ಉಂಡೆ ಕಟ್ಟಿ, ಡಬ್ಬಿ ತುಂಬಿ, ಸಾಬರಿಗೆ ಕೊಡು ಎಂದು ಕಳಿಸಿದಳು. ಬಸ್ಸು ಹರಿಹರ ಮುಟ್ಟುವುದರೊಳಗೆ ಡಬ್ಬಿ ಹಗುರವಾಗಿತ್ತು. ಇಷ್ಟೇ ಆಗಿದ್ದರೆ ನಾನು ಗೆದ್ದಿದ್ದೆ. ಆದರೆ ಜ್ವರದ ಸುದ್ದಿ ಕೇಳಿ ಭಾವನ ಕಲ್ಲಿನಂಥ ಎದೆ ಕರಗುತ್ತದೆಂದು ಯಾರಿಗೆ ಗೊತ್ತು? ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು, ಬೇವುಬೆಲ್ಲ ತಿಂದು, ಯಾರಿಗೂ ಹೇಳದೆ ಸ್ಕೂಟರ್ ಹತ್ತಿ ಹರಿಹರಕ್ಕೆ ಹೋದರಂತೆ. ಮಧ್ಯಾಹ್ನ ಬಂದು ಅಕ್ಕನಿಗೆ, ಶಿವರಾತ್ರಿಯ ಮೇಲೆ ಮೊದಲ ಬಾರಿ ನೇರವಾಗಿ, ‘ನಾಳೆ ಸಾಬ್ರು ಬರ್ತಾರೆ. ಅವರ ಮನೆಯೋರೂ ಬರ್ತಾರೆ. ಹೂರಣ ರುಬ್ಬು’ ಎಂದರಂತೆ.

ಇದನ್ನು ಫೋನಿನಲ್ಲಿ ಕೃತಿಕಾ ಹೇಳಿದಾಗ ನಾನು ಶಾಮಿಯಾನದ ಕಂಬ ಹಿಡಿದು ನಿಂತಿದ್ದೆ. ಕಂಬ ನನ್ನನ್ನು ಹಿಡಿದಿತ್ತು ಎಂದರೂ ತಪ್ಪಿಲ್ಲ.

ಹೋಗದೆ ಇರುವುದು ಹೇಗೆ? ಕುರ್ಚಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆ. ಮಾಳಿಗೆಯ ಮೇಲೆ ಎಲ್ಲರೂ ಇದ್ದರು. ಭಾವ ನಗುತ್ತಿದ್ದರು. ‘ಬಾರಪ್ಪ ಬಕ್ಕೇಶ, ನಿನಗೇ ಕಾ‌ಯ್ತಿದ್ವಿ’ ಎಂದರು. ಸಾಬರು ನನ್ನನ್ನು ನೋಡಿ ತಲೆಯಾಡಿಸಿದರು. ಬಾಂಗ್ ಕೇಳಿತು; ಸಾಬರೂ ಅಮೀನಾಬೀಯವರೂ ಖರ್ಜೂರ ತಿಂದು ನೀರು ಕುಡಿದರು. ಪಕ್ಕದ ಮನೆಯ ಮಾಳಿಗೆಯಿಂದ ‘ಕಂಡ, ಕಂಡ!’ ಎಂದು ಕೂಗಿದರು. ನೀರಿನ ಟ್ಯಾಂಕಿನ ಮೇಲ್ಗಡೆ ಚಂದ್ರ ಸಣ್ಣಗೆ ಕಂಡ. ಎಲ್ಲರೂ ಕೈ ಮುಗಿದರು. ಎಲ್ಲವೂ ಪ್ರತಿ ವರ್ಷದಂತೆಯೇ ನಡೆಯುತ್ತಿತ್ತು. ಸಾಬರು ಕ್ಷಮಿಸಿದ್ದಾರೆ ಎಂದುಕೊಂಡೆ.

‘ಬಕ್ಕೇಶ, ಕತೆ ಹೇಳೋ,’ ಎಂದರು ಭಾವ. ‘ಹಬ್ಬ ಅಂದ್ಮ್ಯಾಲೆ ಕತೆ ಬ್ಯಾಡ್ವಾ? ಅಮೀನಾಬೀಯವರು ಕೇಳೇ ಇಲ್ಲ. ಈ ಸಲ ನಿಧಾನಕ್ಕೆ ಹೇಳು.’

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ‘ಹಿಮದ ಬೆಟ್ಟ,’ ಎಂದು ಶುರು ಮಾಡಿದೆ. ‘ಎದುರಿಗೆ ಆರುನೂರು ಜನ...’

‘ಹೋದ ವರ್ಷದವರೆಗೂ ನಾನೂರಿತ್ತು,’ ಎಂದಳು ಕೃತಿಕಾ.

ಅಷ್ಟರಲ್ಲಿ ಅಕ್ಕ ಬಾಳೆಲೆ ಹಿಡಿದು ಕೆಳಗಿನಿಂದ ಬಂದಳು. ಅದರ ಮೇಲೆ ಒಂದು ಹೋಳಿಗೆ, ತುಪ್ಪ. ಗೋಡೆಯ ಪಕ್ಕ ಇಡಲು ಬಗ್ಗಿದಳು.

‘ಅದನ್ನ ಇಡಬ್ಯಾಡ್ರಿ ಅಕ್ಕಾರೆ,’ ಎಂದರು ಜಮಾಲ್ ಸಾಬರು.

‘ಆ ಹುಡುಗಂದು ಸಾಬ್ರೇ.’

‘ಅಂಥ ಹುಡುಗ ಹುಟ್ಟೇ ಇಲ್ಲ.’ ಸಾಬರು ಎದ್ದು ನಿಂತರು. ‘ನಾನು ಪಲ್ಟನ್ನಿನಾಗೆ ಅಡುಗೆ ಮಾಡ್ತಿದ್ದೆ ಅಕ್ಕಾರೆ. ರೊಟ್ಟಿ, ದಾಲ್, ಅನ್ನ. ಗುಂಡಿನ ಸದ್ದು ದೂರದಾಗೆ ಕೇಳೀನಿ, ಎದುರಿಗೆ ನಿಂತಿಲ್ಲ. ಮೊದಲ್ನೇ ವರ್ಷ ಬಾಯಿ ಬಿಡಾಕೆ ನಾಚಿಕೆ ಆತು, ಎಲ್ಲ ಕಾಲಿಗೆ ಬಿದ್ದಿದ್ರಿ. ಎರಡ್ನೇ ವರ್ಷ ಹೆದರಿಕೆ ಆತು. ಹೋದ ವರ್ಷ ಈ ಎಲೆ ನೋಡಿದೆ. ರೋಜಾ ಹಿಡಿದು ಇದಕ್ಕೆ ತಲೆ ಆಡ್ಸಾಕೆ ನನ್ನ ಕೈಲಾಗಲ್ಲ.’

ಅಕ್ಕ ಎಲೆ ಹಿಡಿದೇ ನನ್ನ ಕಡೆ ತಿರುಗಿದಳು. ‘ಬಕ್ಕೇಶ.’

‘ಅಕ್ಕ, ಸಾಬ್ರು ದೊಡ್ಡ ಮನುಷ್ಯರು, ವಿನಯಕ್ಕೆ ಹಂಗಂತಾರೆ...’

‘ಎಂಥಾ ವಿನಯ!’ ಎಂದರು ಅಮೀನಾಬೀ. ‘ಕಾಲು ಮುರ್ಕಂಡಿದ್ದು ಇಲ್ಲೇ ಹರಿಹರದಾಗೆ, ಸೈಕಲ್ ಮ್ಯಾಲಿಂದ ಬಿದ್ದು. ನಾನೇ ಎತ್ಕಂಡು ಹೋದೋಳು.’

‘ಜ್ವರ ಎಲ್ಲಿ ಹೋತು, ಅದನ್ನೂ ಕೇಳು,’ ಎಂದರು ಭಾವ. ‘ನಾನು ಹೋದಾಗ ಸಾಬ್ರು ಏಣಿ ಹತ್ತಿ ಗೋಡೆಗೆ ಸುಣ್ಣ ಹೊಡೀತಿದ್ರು. ಇವನ ದೆಸೆಯಿಂದ ತಿಂಗಳು ಪೂರ್ತಿ ಮೊಸರನ್ನ ತಿಂದೆ ನಾನು!’

‘ಹಂಗಾದ್ರೆ ರವೆ ಉಂಡೆ?’ ಎಂದಳು ಕೃತಿಕಾ.

ನಾನು ಚಂದ್ರನ ಕಡೆ ನೋಡಿದೆ. ಯಾರೂ ನೋಡಲಿಲ್ಲ.

ಅಕ್ಕ ಬೈಯಲಿಲ್ಲ. ಎಲೆಯನ್ನು ಕೃತಿಕಾಳ ಕೈಗೆ ಕೊಟ್ಟು ಸಾಬರ ಹತ್ತಿರ ಹೋಗಿ ನಿಂತಳು. ‘ನೀವು ಅಡುಗೆ ಮಾಡ್ತಿದ್ರಾ?’

‘ಹೌದ್ರಿ.’

‘ಅಲ್ಲಿ ಹುಡುಗ್ರಿಗೆ ಬಿಸಿ ಊಟ ಸಿಗುತ್ತಾ?’

‘ಸಿಗುತ್ತೆ. ತಡವಾಗಿ ಬಂದೋರಿಗೂ ಇಟ್ಟಿರ್ತೀವಿ.’

‘ಹೊಟ್ಟೆ ತುಂಬ?’

‘ಕೇಳಿದೋರಿಗೆ ಮತ್ತೆ ಹಾಕ್ತಿದ್ವಿ. ಹೊಸ ಹುಡುಗ್ರು ಮನೆ ನೆನಪಾದ್ರೆ ನಮ್ಮ ಒಲೆ ಹತ್ರ ಬಂದು ಕೂಡ್ತಿದ್ರು. ಬೆಚ್ಚಗಿರುತ್ತಲ್ಲ. ಹಿಟ್ಟು ಕಲಸಿ ಕೊಡ್ತಿದ್ರು.’

‘ಮೂರು ವರ್ಷದಿಂದ ಇದನ್ನ ಕೇಳಬೇಕು ಅಂತಿದ್ದೆ,’ ಎಂದಳು ಅಕ್ಕ. ‘ಇವನ ಗುಂಡಿನ ಮಧ್ಯೆ ಊಟದ ಮಾತು ಹೆಂಗೆ ತೆಗೀಲಿ ಅಂತ ಸುಮ್ಮನಾಗ್ತಿದ್ದೆ.’ ಬಗ್ಗಿ ನಮಸ್ಕಾರ ಮಾಡಿದಳು. ಸಾಬರು ‘ಬ್ಯಾಡ್ರಿ, ಬ್ಯಾಡ್ರಿ’ ಎನ್ನುತ್ತಿದ್ದಂತೆ ಭಾವನೂ ಕೈ ಮುಗಿದು ಮುಂದೆ ಬಂದರು.

‘ಅವತ್ತೇ ಅಡುಗೆಯವರು ಅಂದಿದ್ರೆ ನಾನು ಬೀಳ್ತಿರ್ಲಿಲ್ಲ ಸಾಬ್ರೇ. ಅದು ನನ್ನ ತಪ್ಪು. ಉಳಿದಿದ್ದೆಲ್ಲ ಈ ಬಕ್ಕೇಶ ನನ್ಮಗಂದು.’

ಆಮೇಲೆ ಅಕ್ಕ ನನ್ನೆದುರು ಬಂದು ಕೂತಳು. ‘ಈಗ ಹೇಳು. ಯಾಕೆ ಮಾಡ್ದೆ?’

‘ಭಾವ ಗುಂಡಿಗೆ ಎದುರು ನಿಂತೋರು ಬೇಕು ಅಂದ್ರು. ನಿನ್ನ ಮಾತು ನಡೀಲಿ ಅಂತ ಗುಂಡು ಸೇರಿಸ್ದೆ. ಮೊದಲ್ನೇ ಸಲ ಅಷ್ಟೇ ಅಂದ್ಕಂಡಿದ್ದೆ.’

‘ಆ ಹುಡುಗನ್ನ ಯಾಕೆ ಸಾಯಿಸ್ದೆ?’

ಇದಕ್ಕೆ ಏನಾದರೂ ಕಟ್ಟಿ ಹೇಳಲು ನೋಡಿದೆ. ಕೊನೆಗೆ ನಿಜವೇ ಬಾಯಿಗೆ ಬಂತು. ‘ನೀನು ಅತ್ತೆ ಅಕ್ಕ. ಅವತ್ತು ನನಗೆ ಚಲೋ ಹೇಳಿದೆ ಅನ್ನಿಸ್ತು.’

ಅಕ್ಕ ಇನ್ನೂ ಒಂದು ಕೇಳಿದಳು. ‘ಹಿಮ ಹೆಂಗಿರುತ್ತೆ, ಚಳಿ ಹೆಂಗಿರುತ್ತೆ, ಕಾಲು ಹೆಂಗೆ ಮರಗಟ್ಟುತ್ತೆ ಅಂತೆಲ್ಲ ಕಣ್ಣಿಗೆ ಕಟ್ಟಿದಂಗೆ ಹೇಳ್ತಿದ್ಯಲ್ಲ. ಅದನ್ನ ನೆನಸ್ಕಂಡು ನಮ್ಮ ಬಸವಕಿರಣನಿಗೆ ಉಣ್ಣೆ ಸಾಕ್ಸ್ ಹೆಣೆದು ಹೆಣೆದು ಕಳಿಸೀನಿ. ಅದಾದ್ರೂ ನಿಜಾನಾ?’

‘ಗೊತ್ತಿಲ್ಲಕ್ಕ,’ ಎಂದೆ. ‘ನಾನು ಹುಬ್ಬಳ್ಳಿ ದಾಟಿ ಹೋದೋನೇ ಅಲ್ಲ.’